ಖಂಡೇಪೂಜೆಗೆ ಕೂಡದ ರೋಬೋಟು

ದೇಶಪಾಂಡೆ ನಗರದ ಕಲ್ಲೇಶನ ಮನೆಯ ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಒಂದು ಗಾಜಿನ ಕಪಾಟಿದೆ. ಬೇರೆಯವರ ಮನೆಯಲ್ಲಾಗಿದ್ದರೆ ಅಲ್ಲಿ ಬೆಳ್ಳಿ ಸಾಮಾನೋ ಮಕ್ಕಳ ಪದಕಗಳೋ ಇರುತ್ತಿದ್ದವು. ಇವನ ಕಪಾಟಿನಲ್ಲಿರುವುದು ನೂರಾ ಹದಿನೇಳು ರೋಬೋಟುಗಳು. ಆಟಿಗೆ ರೋಬೋಟುಗಳು. ಕೈ ಮಡಚಿ, ಕಾಲು ಜೋಡಿಸಿ, ನಡು ತಿರುವಿದರೆ ಲಾರಿಯೋ ಕಾರೋ ವಿಮಾನವೋ ಆಗುತ್ತವೆ. ಮತ್ತೆ ಬಿಚ್ಚಿದರೆ ಎದ್ದು ನಿಲ್ಲುತ್ತವೆ. ಮಗಳಿಗಾಗಿ ತಂದಿರಬೇಕು ಅಂದುಕೊಂಡಿರಾ? ಮಗಳು ಸೃಷ್ಟಿ ಪಿಯುಸಿ ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ, ಅವಳಿಗೆ ಇವುಗಳ ಮೇಲೆ ಎಳ್ಳಷ್ಟೂ ಆಸೆಯಿಲ್ಲ. ನಲವತ್ತೆರಡರ ಅಪ್ಪನೇ ಆಡುವವನು, ಅಪ್ಪನೇ ಬೀಗ ಹಾಕುವವನು.

ಕಲ್ಲೇಶ ವಿಮಾ ಸರ್ವೇಯರ್. ಅಪಘಾತವಾದ ಗಾಡಿಯನ್ನು ನೋಡಿ, ಅದು ಹೇಗೆ ಜಖಂ ಆಯಿತು, ಮಾಲೀಕ ಹೇಳುವುದು ಖರೆಯೋ ಸುಳ್ಳೋ ಎಂದು ಬರೆದುಕೊಡುವುದು ಅವನ ಕೆಲಸ. ಎಮ್ಮೆ ಅಡ್ಡ ಬಂತು ಎಂದು ಆಣೆ ಮಾಡಿದವನಿಗೆ ಬಂಪರಿನ ಮೇಲೆ ಹತ್ತಿದ ಕಂಬದ ಸುಣ್ಣ ತೋರಿಸಿ, "ಎಮ್ಮಿಗೆ ಸುಣ್ಣಾ ಯಾರ ಹಚ್ಚಿದ್ರಿ?" ಎಂದು ಕೇಳಿದ ಮನುಷ್ಯ. "ಮುರದ ಜಾಗಾ ಸುಳ್ಳ ಹೇಳೂದಿಲ್ಲ" ಎಂಬುದು ಅವನ ಬಾಯಿಪಾಠ. ಗ್ಯಾರೇಜುಗಳಲ್ಲಿ ಹುಡುಗರ ಮುಂದೆ ಇದನ್ನು ಅವನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ.

ಹಾಗೆ ಗ್ಯಾರೇಜಿನಲ್ಲಿ ಸಿಕ್ಕ ಗೆಳೆಯನೇ ಫೈಜಾನ. ಬೈರಿದೇವರಕೊಪ್ಪದಲ್ಲಿ ಅವನ ಗ್ಯಾರೇಜಿದೆ. ಕಲ್ಲೇಶನಿಗಿಂತ ಏಳೆಂಟು ವರ್ಷ ಚಿಕ್ಕವನು. ಅವನಿಗೂ ರೋಬೋಟಿನ ಹುಚ್ಚು, ಆದರೆ ಹುಚ್ಚಿನ ದಾರಿ ಬೇರೆ. ಅವನು ತರಿಸುವುದು ಕಿಟ್ಟು. ಡಬ್ಬಿ ತೆರೆದರೆ ರೋಬೋಟು ಇರುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ನಾನೂರು ಚಿಲ್ಲರೆ ತುಂಡುಗಳಿರುತ್ತವೆ. ಒಂದೊಂದನ್ನೇ ಕತ್ತರಿಸಿ, ಕತ್ತರಿಸಿದ ಗುರುತು ಕಾಣದಂತೆ ಉಜ್ಜಿ, ಬಣ್ಣ ಹಚ್ಚಿ, ಒಂದರೊಳಗೊಂದು ಕೂಡಿಸಬೇಕು. ತಿಂಗಳುಗಟ್ಟಲೆ ಕುಳಿತರೆ ಗೇಣುದ್ದದ ಒಂದು ರೋಬೋಟು ಎದ್ದು ನಿಲ್ಲುತ್ತದೆ. ನಿಂತದ್ದು ನಿಂತೇ ಇರುತ್ತದೆ. ಅದು ಕಾರೂ ಆಗುವುದಿಲ್ಲ, ವಿಮಾನವೂ ಆಗುವುದಿಲ್ಲ.

ಭಾನುವಾರ ಬಂತೆಂದರೆ ಇಬ್ಬರದೂ ಇದೇ ಜಗಳ.

"ಅಂಗಡ್ಯಾಗ ತಗೊಂಡು ಬಂದು ಕಪಾಟಿನ್ಯಾಗ ಇಟ್ರ ಅದು ನಿಮ್ಮದು ಹೆಂಗಾತ್ರಿ ಕಲ್ಲಣ್ಣಾರ?" ಎನ್ನುತ್ತಿದ್ದ ಫೈಜಾನ. "ಖಾನಾವಳ್ಯಾಗ ಊಟಾ ಮಾಡಿ, ರೊಟ್ಟಿ ನಾನ ಬಡದೀನಿ ಅಂದಂಗಾತು."

"ನೀ ಎಂಟ ತಿಂಗಳ ತಿಕ್ಕಿದಿ. ಏನ್ ಬಂತು? ಒಂದ ಸೈಕಲ್ ಆಗೂ ಯೋಗ್ಯತಾ ಐತೇನು ಅದಕ್ಕ?" ಎನ್ನುತ್ತಿದ್ದ ಕಲ್ಲೇಶ. "ನನ್ನ ಕೈಯಾಗ ಯಾವ ರೋಬೋಟ ಕೊಡು, ಕಾಗದಾ ನೋಡದ ಮಡಚಿ ತೋರಸ್ತೇನಿ."

ಕಲ್ಲೇಶನ ಹೆಂಡತಿ ದ್ರಾಕ್ಷಾಯಿಣಿ ಚಹಾ ತಂದಿಟ್ಟು, "ಇಬ್ರಿಗೂ ಹಾಲಿನ ಹಲ್ಲ ಇನ್ನೂ ಬಿದ್ದಿಲ್ಲ" ಎಂದು ಒಳಗೆ ಹೋಗುತ್ತಿದ್ದಳು.

ಈ ವರ್ಷ ದಸರೆಗೆ ಎಂಟು ದಿನವಿರುವಾಗ ಫೈಜಾನ ಒಂದು ಬೂಟಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. ಒಳಗೆ ಹತ್ತಿಯ ನಡುವೆ ಅವನ ಎಂಟು ತಿಂಗಳ ರೋಬೋಟು ಮಲಗಿತ್ತು. ಎದೆ, ಭುಜಗಳಿಗೆಲ್ಲ ಒಂದು ಥರದ ಹಳೇ ನೀಲಿ. ಆ ನೀಲಿಯ ಕಥೆ ಕಲ್ಲೇಶನಿಗೆ ಗೊತ್ತಿತ್ತು. ಫೈಜಾನನ ತಂದೆ ಶಾಬುದ್ದೀನ ಮೂವತ್ತು ವರ್ಷ ಓಡಿಸಿದ ಮೆಟಡೋರಿನ ಬಣ್ಣ ಅದು. ಗಾಡಿ ಗುಜರಿಗೆ ಹೋಯಿತು, ಹೋದ ವರ್ಷ ತಂದೆಯೂ ತೀರಿಕೊಂಡರು. ಗ್ಯಾರೇಜಿನ ಮೂಲೆಯಲ್ಲಿ ಆ ಬಣ್ಣದ ಅರ್ಧ ಡಬ್ಬಿ ಉಳಿದಿತ್ತು. ಅದನ್ನೇ ತೆಳುವು ಮಾಡಿ ಇದಕ್ಕೆ ಹಚ್ಚಿದ್ದ.

"ತಂಗಿ ರುಕ್ಸಾನಾನ ಲಗ್ನ ಹತ್ರ ಬಂತ್ರಿ. ಮನಿಗೆ ಬಣ್ಣಾ ಹೊಡಸಾಕತ್ತೇವಿ. ಎಲ್ಲಿ ನೋಡಿದ್ರೂ ಏಣಿ, ಡಬ್ಬಿ, ಕಾಲಿಡಾಕ ಜಾಗಾ ಇಲ್ಲ," ಎಂದ ಫೈಜಾನ. "ಇದು ನಿಮ್ಮ ಕಪಾಟಿನ್ಯಾಗ ಇರಲಿ. ನಿಂತ ನೋಡ್ರಿ, ಕುಂತ ನೋಡ್ರಿ. ಮುಟ್ಟಬ್ಯಾಡ್ರಿ."

"ನಿನ್ನ ಗೊಂಬಿ ಯಾರಿಗೆ ಬೇಕಾಗೇತೋ ಮಾರಾಯ," ಎಂದು ಕಲ್ಲೇಶ ನಕ್ಕ. ಆದರೂ ಅದಕ್ಕೆ ನಡುಹಂತದಲ್ಲೇ ಜಾಗ ಮಾಡಿಕೊಟ್ಟ.

ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಗೆ, ಹುಬ್ಬಳ್ಳಿಯಲ್ಲಿ ಚೆಂಡುಹೂವು ಹಾಕಿಕೊಳ್ಳದ ಗಾಡಿ ಇರುವುದಿಲ್ಲ. ಕಲ್ಲೇಶ ತನ್ನ ಸ್ಕೂಟರಿನ ಜೊತೆ ರೋಬೋಟುಗಳಿಗೂ ಪೂಜೆ ಮಾಡುವವನು. ಅದರಲ್ಲೂ ಅವನದೊಂದು ಶಾಸ್ತ್ರ: ವಾಹನಪೂಜೆ ಅಂದಮೇಲೆ ವಾಹನವಾಗಿಯೇ ಕೂಡಬೇಕು, ಕೈಕಾಲು ಬಿಟ್ಟುಕೊಂಡು ನಿಂತವಕ್ಕೆ ಕುಂಕುಮವಿಲ್ಲ. ಬೆಳಗಿನಿಂದ ಕುಳಿತು ನೂರಾ ಹದಿನೇಳನ್ನೂ ಮಡಚಿ, ಪಡಸಾಲೆಯ ಜಮಖಾನದ ಮೇಲೆ ಸಾಲಾಗಿ ನಿಲ್ಲಿಸಿದ. ಖಾಲಿಯಾದ ಕಪಾಟನ್ನು ಮನೆಗೆಲಸದ ರುಕ್ಮವ್ವ ಒದ್ದೆ ಬಟ್ಟೆಯಿಂದ ಒರೆಸಿದಳು. ಅರವತ್ತು ದಾಟಿದ ಹೆಂಗಸು. ಹುಟ್ಟಿದ್ದು ಶಿರಗುಪ್ಪಿ, ಈಗ ಇರುವುದು ಬೈರಿದೇವರಕೊಪ್ಪ. ದಿನಾ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆ ಬಂದು ಈ ಓಣಿಯ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಾಳೆ. ಹನ್ನೆರಡು ವರ್ಷದಲ್ಲಿ ಈ ಮನೆಯ ಒಂದು ಕಪ್ಪಿನ ಕಿವಿಯನ್ನೂ ಮುರಿದವಳಲ್ಲ. ಫೈಜಾನನ ರೋಬೋಟಿನ ಬಳಿ ಬಂದಾಗ ಅವಳು ಬಟ್ಟೆಯನ್ನು ಅದರ ಕಾಲಿನ ಸುತ್ತ ಬಳಸಿ ಒರೆಸಿ, ಮುಂದೆ ಹೋದಳು.

ಆಗ ಬಂದವನು ಹನಮೇಶ, ದ್ರಾಕ್ಷಾಯಿಣಿಯ ತಮ್ಮ. ಹೋಳಿಗೆ ಊಟಕ್ಕೆ ಬಂದವನು ಉಂಡು ಸುಮ್ಮನೆ ಹೋಗಬಾರದೇ.

"ಮಾಮಾ, ಎಲ್ಲಾ ಗಾಡಿ ಆಗ್ಯಾವು. ಆ ನೀಲಿದೊಂದ ಯಾಕ ಕಪಾಟಿನ್ಯಾಗ ನಿಂತೈತ್ರಿ?"

"ಅದು ಆ ನಮೂನಿದಲ್ಲೋ. ಕಿಟ್ಟಿಂದು."

"ನಿಮ್ಮ ಕೈಗೆ ಬಗ್ಗಲಿಲ್ಲ ಅಂತ ಹೇಳ್ರಲಾ, ಸಾಕು," ಎಂದು ನಕ್ಕು, ತಾಂಬೂಲ ಹಾಕಿಕೊಂಡು ಹೊರಟುಹೋದ.

ಹೋದವನು ಹೋದ, ಮಾತು ಉಳಿಯಿತು. ಮಧ್ಯಾಹ್ನ ಹೋಳಿಗೆಯ ಭಾರಕ್ಕೆ ದ್ರಾಕ್ಷಾಯಿಣಿ ಮಲಗಿದಳು, ರುಕ್ಮವ್ವ ಉಳಿದೆರಡು ಮನೆಗಳಿಗೆ ಹೋದಳು. ಕಲ್ಲೇಶ ಕಪಾಟಿನ ಮುಂದೆ ನಿಂತ. ಮೊದಲು ನೋಡಿದ, ಅಷ್ಟೇ. ರೋಬೋಟಿನ ಭುಜದ ಮೇಲೆ ಎರಡು ದುಂಡನೆಯ ಬಿಲ್ಲೆಗಳಿದ್ದವು. ಗಾಲಿಯಲ್ಲದೆ ಮತ್ತೇನು? ನಡುವಿನ ಹತ್ತಿರ ಒಂದು ಸಣ್ಣ ಸಂದು. ತಿರುಗಲಿಕ್ಕಲ್ಲದೆ ಮತ್ಯಾಕೆ? ಫೈಜಾನ ಕಾಗದ ನೋಡಿ ಜೋಡಿಸಿದವನು, ಒಳಗಿನ ಗುಟ್ಟು ಅವನಿಗೇನು ಗೊತ್ತು, ಅದನ್ನು ಕಂಡುಹಿಡಿದು ತೋರಿಸಿದರೆ ಭಾನುವಾರದ ಜಗಳ ಈ ಜನ್ಮಕ್ಕೆ ಮುಗಿಯಿತು. ಹೀಗೆ ಯೋಚನೆ ಮಾಡುತ್ತ ಮಾಡುತ್ತ ಪುಣ್ಯಾತ್ಮ ರೋಬೋಟನ್ನು ಕೈಗೆ ತೆಗೆದುಕೊಂಡ.

ಕೈ ಹಿಂದಕ್ಕೆ ಹೋದವು. ಕಾಲು ಮಡಚಿದವು. ಇನ್ನು ನಡು. ಅದು ಕಾಲುಭಾಗ ಸುತ್ತು ತಿರುಗಿ ತಡೆದು ನಿಂತಿತು. ಹೊಸ ಆಟಿಗೆಗಳೂ ಮೊದಮೊದಲು ಹೀಗೆಯೇ ಬಿಗಿ ಇರುತ್ತವೆ. ಹೆದರದೆ ಒತ್ತಬೇಕು, ಟಕ್ ಎಂದು ಕೂರುತ್ತದೆ. ಇಪ್ಪತ್ತು ವರ್ಷದ ಅನುಭವ ಅದು. ಅವನು ಒತ್ತಿದ. ಟಕ್ ಎಂದಿತು. ಅವನ ಮುಖ ಅರಳಿತು ಕೂಡ. ಆಮೇಲೆ ನೋಡಿದರೆ ಎಡಗೈಯಲ್ಲಿ ಕಾಲುಗಳಿದ್ದವು, ಬಲಗೈಯಲ್ಲಿ ತಲೆ ಮತ್ತು ಎದೆ.

ಕಲ್ಲೇಶ ಮೇಲಿನ ತುಂಡನ್ನು ಕೆಳಗಿನದರ ಮೇಲೆ ಹೇಗೋ ಆನಿಸಿಟ್ಟು, ಗಾಜು ಮುಚ್ಚಿ, ಕೋಣೆಗೆ ಹೋಗಿ ಹೆಂಡತಿಯ ಪಕ್ಕ ಮಲಗಿದವನಂತೆ ಮಲಗಿದ. ನಾಳೆ ಫೈಜಾನ ಬಂದಾಗ ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡ. ಬೈಯುತ್ತಾನೆ, ಬೈಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಅವನ ಮನಸ್ಸು ನೆಟ್ಟಗೇ ಇತ್ತು, ಸುಳ್ಳಲ್ಲ.

ಮರುದಿನ ಬನ್ನಿ. ಸಂಜೆ ಓಣಿಯವರೆಲ್ಲ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎನ್ನುವ ಹೊತ್ತು. ಆ ಒಂದು ಸಂಜೆ ಹಳೆಯ ಸಿಟ್ಟು, ತಪ್ಪು ಯಾವುದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಬಾರದೆಂದು ಹಿರಿಯರ ಕಟ್ಟಳೆ. ಫೈಜಾನ ಪ್ರತಿ ವರ್ಷದಂತೆ ಬಂದ. ರುಕ್ಮವ್ವನೂ ಸೆರಗಿನಲ್ಲಿ ಎಲೆ ಕಟ್ಟಿಕೊಂಡು ಬಂದು, ಅಡುಗೆಮನೆಯಲ್ಲಿ ದ್ರಾಕ್ಷಾಯಿಣಿಗೆ ಕೊಡುತ್ತಿದ್ದಳು. ಫೈಜಾನ ಚಪ್ಪಲಿ ಬಿಟ್ಟವನೇ ಕಪಾಟಿನ ಕಡೆ ಹೋದ. ಗಾಜು ಸರಿಸಿದ ಅದುರಿಗೆ ರೋಬೋಟಿನ ಮೇಲ್ಭಾಗ ಮುಗ್ಗರಿಸಿ ಬಿತ್ತು.

ದ್ರಾಕ್ಷಾಯಿಣಿ ಬಾಗಿಲಿಗೆ ಬಂದು, "ಅಯ್ಯ, ಯಾರ ಮುಟ್ಟಿದ್ರಿ ಇದನ್ನ?" ಎಂದಳು.

ಹೇಳಬೇಕಾದ ಮಾತು ಕಲ್ಲೇಶನ ಗಂಟಲಿನವರೆಗೆ ಬಂದಿತ್ತು. ಫೈಜಾನನ ಮುಖ ನೋಡಿದ. ಮುಟ್ಟಬ್ಯಾಡ್ರಿ ಎಂದಿದ್ದ ಮುಖ ಅದು. ನಾಲಿಗೆ ಹೊರಳಿತು.

"ನಿನ್ನಿ ರುಕ್ಮವ್ವ ಕಪಾಟ ಒರಸಾಕತ್ತಿದ್ಲು," ಎಂದ.

ನೋಡಿ, ಅವಳೇ ಮುರಿದಳು ಎಂದು ಅವನು ಹೇಳಲಿಲ್ಲ. ಒರೆಸುತ್ತಿದ್ದಳು ಎಂದ, ಅಷ್ಟೇ, ಅದು ಖರೆಯೇ. ಇಂಥ ಖರೆಯನ್ನು ಬೇರೆ ಯಾರಾದರೂ ಹೇಳಿದ್ದರೆ ಸರ್ವೇಯರ್ ಸಾಹೇಬರು ಅವರ ಕಾಗದವನ್ನು ಮುಖದ ಮೇಲೆ ಬಿಸಾಕುತ್ತಿದ್ದರು.

ರುಕ್ಮವ್ವ ದ್ರಾಕ್ಷಾಯಿಣಿಯ ಹಿಂದೆಯೇ ನಿಂತಿದ್ದಳು. "ಹೌದ್ರಿ, ಒರಸೀನಿ," ಎಂದಳು ಮೆಲ್ಲಗೆ. "ಬಡದದ್ದ ಗೊತ್ತಾಗಲಿಲ್ರಿ ನನಗ. ಕೈ ತಾಗಿತ್ತೋ ಏನೋ." ತನ್ನ ಬಲಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡಳು.

ಫೈಜಾನ ಎರಡೂ ತುಂಡುಗಳನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಕಲ್ಲೇಶನ ಕಡೆ ಒಮ್ಮೆ ತಿರುಗಿದ. ಆಮೇಲೆ, "ಇರಲಿ ಬಿಡ್ರಿ ಆಯಿ. ಪ್ಲಾಸ್ಟಿಕ್ ಅದು. ತಲಿ ಕೆಡಿಸ್ಕೋಬ್ಯಾಡ್ರಿ," ಎಂದು ತುಂಡುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡ. ಹೊರಡುವಾಗ ಬನ್ನಿ ಎಲೆ ಚಾಚಿದ. "ಬಂಗಾರದಂಗ ಇರೋಣ್ರಿ ಕಲ್ಲಣ್ಣಾರ." ಕಲ್ಲೇಶ ತೆಗೆದುಕೊಂಡ, ಕೊಟ್ಟ, ಅದೇ ಮಾತನ್ನು ತಾನೂ ಅಂದ. ರುಕ್ಮವ್ವ ಕೊಟ್ಟ ಎಲೆಯನ್ನು ಮಾತ್ರ ಜೇಬಿಗೆ ಹಾಕಿಕೊಂಡು ತಲೆ ಎತ್ತದೆ ಒಳಗೆ ಹೋದ.

ಅಲ್ಲಿಗೆ ಮುಗಿಯಿತು ಅಂದುಕೊಂಡ. ಮುಗಿಯಲಿಲ್ಲ.

ಮರುದಿನದಿಂದ ರುಕ್ಮವ್ವ ಕಲ್ಲೇಶನಿಗೆ ಚಹಾವನ್ನು ಸ್ಟೀಲಿನ ಲೋಟದಲ್ಲಿ ತಂದುಕೊಟ್ಟಳು. ಗಾಜಿನ ಕಪ್ಪುಗಳನ್ನು ತಿಕ್ಕುವುದಿಲ್ಲ ಎಂದು ಬದಿಗೆ ಸರಿಸಿದಳು. ಸೂಜಿಗೆ ದಾರ ಪೋಣಿಸಿಕೊಡಿ ಎಂದು ದ್ರಾಕ್ಷಾಯಿಣಿಗೆ ಕೇಳಿದಳು. ಮೊನ್ನೆಯವರೆಗೆ ದ್ರಾಕ್ಷಾಯಿಣಿಗೆ ಪೋಣಿಸಿಕೊಡುತ್ತಿದ್ದವಳು ಅವಳೇ. ನೆಲ ಒರೆಸುತ್ತ ಕಪಾಟಿನ ಹತ್ತಿರ ಬಂದರೆ ಸೆರಗನ್ನು ಬಿಗಿದು ಸುತ್ತಿಕೊಂಡು, ಉರಿಯುವ ಒಲೆಯನ್ನು ದಾಟುವವಳ ಹಾಗೆ ದಾಟುತ್ತಿದ್ದಳು. ಇದನ್ನೆಲ್ಲ ಕಲ್ಲೇಶ ಪತ್ರಿಕೆಯ ಮರೆಯಿಂದ ನೋಡಿದ. ಒಂದೊಂದು ದಿನ ಹೋದಂತೆ ಹೇಳುವುದು ಕಷ್ಟವಾಯಿತು. ಈಗ ಹೇಳಿದರೆ ಅಂದೇ ಯಾಕೆ ಹೇಳಲಿಲ್ಲ ಎನ್ನುತ್ತಾರೆ. ಅವನಿಗೆ ಊಟ ಸೇರಲಿಲ್ಲ. ಕಪಾಟಿನ ಬೀಗ ತೆಗೆಯಲೇ ಇಲ್ಲ. ಭಾನುವಾರ ಬಂತು, ಫೈಜಾನ ಬರಲಿಲ್ಲ. ಲಗ್ನದ ಗಡಿಬಿಡಿ ಇರಬೇಕು ಎಂದು ಹೆಂಡತಿಗೆ ತಾನೇ ಹೇಳಿದ, ಅವಳು ಕೇಳದೆಯೇ.

ದೀಪಾವಳಿಗೆ ಎರಡು ದಿನವಿತ್ತು. ಕೆಲಸ ಮುಗಿಸಿದ ರುಕ್ಮವ್ವ ದ್ರಾಕ್ಷಾಯಿಣಿಯ ಮುಂದೆ ನಿಂತು, "ಅಕ್ಕಾರ, ನಾ ಇನ್ನ ಬರೂದಿಲ್ರಿ," ಎಂದಳು. "ಮೂರೂ ಮನಿ ಬಿಡ್ತೇನಿ. ನನ್ನ ಕೈ ಹೋತು, ಕಣ್ಣ ಹೋತು. ಇವತ್ತ ಗೊಂಬಿ ಮುರದೀನಿ, ನಾಳೆ ಯಾರದರೆ ಮನ್ಯಾಗ ಕೂಸಿನ್ನ ಎತ್ತಿಕೊಂಡಾಗ ಕೈ ಜಾರಿದ್ರ?" ಮೂರನೆಯ ಮನೆಯಲ್ಲಿ ಮೂರು ತಿಂಗಳ ಕೂಸಿತ್ತು. ಅದಕ್ಕೆ ಎಣ್ಣೆ ತಿಕ್ಕಿ ನೀರು ಹಾಕುವವಳು ರುಕ್ಮವ್ವನೇ, ಮತ್ತು ಆ ಕೆಲಸ ಅವಳಿಗೆ ಜೀವಕ್ಕಿಂತ ಹೆಚ್ಚು. ದಸರೆಯಿಂದ ಕೂಸನ್ನು ಮುಟ್ಟಿಲ್ಲವಂತೆ.

ಅವಳು ಹೋದ ಮೇಲೆ ದ್ರಾಕ್ಷಾಯಿಣಿ ಗಂಡನ ಎದುರಿಗೆ ಬಂದು ಕುಳಿತಳು. "ಆಕಿ ಮುರದದ್ದ ನೀವು ಕಣ್ಣಾರೆ ನೋಡೀರೇನ್ರಿ?"

"ಹೂಂ," ಎಂದ ಕಲ್ಲೇಶ.

ಮೊದಲನೆಯದು ನಾಲಿಗೆ ಹೊರಳಿದ್ದು ಎನ್ನಬಹುದು. ಇದಕ್ಕೆ ಏನನ್ನುತ್ತೀರಿ? ಅವನಿಗೇ ತನ್ನ ಮೇಲೆ ಹೇಸಿಗೆಯಾಯಿತು. ಚಪ್ಪಲಿ ಮೆಟ್ಟಿ, ಸ್ಕೂಟರ್ ತೆಗೆದು, ನೇರ ಫೈಜಾನನ ಗ್ಯಾರೇಜಿಗೆ ಹೋದ.

ಫೈಜಾನ ಬೆಂಚಿನ ಮುಂದೆ ಕುಳಿತಿದ್ದ. ಪಕ್ಕದಲ್ಲಿ ನೀಲಿ ರೋಬೋಟಿನ ಎರಡು ತುಂಡುಗಳಿದ್ದವು, ಇನ್ನೂ ಜೋಡಿಸಿರಲಿಲ್ಲ.

"ಫೈಜಾನ, ಅದನ್ನ ನಾ ಮುರದದ್ದು," ಎಂದ ಕಲ್ಲೇಶ, ನಿಂತಲ್ಲಿಂದಲೇ.

"ಗೊತ್ತೈತ್ರಿ." ಫೈಜಾನ ಮೇಲಿನ ತುಂಡನ್ನು ತಿರುಗಿಸಿ, ಮುರಿದ ಗೂಟವನ್ನು ತೋರಿಸಿದ. ಅದರ ಸುತ್ತ ಬಳೆಯ ಹಾಗೆ ಒಂದು ಬಿಳಿ ಗೆರೆ ಇತ್ತು. "ಬಿದ್ದ ಪ್ಲಾಸ್ಟಿಕ್ ಹಿಂಗ ಬೆಳ್ಳಗ ಆಗೂದಿಲ್ರಿ. ತಿರುವಿದ್ರ ಆಗತೈತಿ. ನಿಮ್ಮ ಮನ್ಯಾಗ ರೋಬೋಟಿನ ನಡಾ ತಿರುವಾವ್ರು ಯಾರದಾರ? ಮುರದ ಜಾಗಾ ಸುಳ್ಳ ಹೇಳೂದಿಲ್ಲ ಅಂತ ನಂಗ ಕಲಿಸಿದಾವ್ರ ನೀವು."

ಕಲ್ಲೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. "ಮತ್ತ ಅವತ್ತ ಯಾಕ ಸುಮ್ಮನಾದಿ?"

"ಹಬ್ಬದ ದಿನಾ, ಅಕ್ಕಾರ ಮುಂದ ನಿಮ್ಮ ಮಾನಾ ತಗೀಲೇನ್ರಿ? ಮರದಿನಾ ನೀವಾ ಬರ್ತೀರಿ ಅಂತ ಮಾಡಿದ್ದೆ. ದಿನಾ ರಸ್ತಾ ನೋಡೀನಿ. ಅದಕ್ಕ ಇದನ್ನ ಜೋಡಿಸಿಲ್ಲ."

"ರುಕ್ಮವ್ವ ಕೆಲಸಾ ಬಿಟ್ಲು," ಎಂದ ಕಲ್ಲೇಶ. ಕೂಸಿನ ವಿಷಯವನ್ನೂ ಹೇಳಿದ, ಏನೂ ಮುಚ್ಚಿಡದೆ.

ಫೈಜಾನ ಕೈಯಲ್ಲಿದ್ದ ತುಂಡನ್ನು ಬೆಂಚಿನ ಮೇಲಿಟ್ಟ. "ಆಕಿ ಎರಡ ದಿನಾ ಬೇಜಾರ ಮಾಡ್ಕೊಂಡು ಮರೀತಾಳ ಅಂತ ತಿಳದಿದ್ದೆ. ನಾ ಸುಮ್ಮನಿದ್ದದ್ದೂ ತಪ್ಪಾತು." ಎರಡೂ ತುಂಡುಗಳನ್ನು ಬದಿಗೆ ಸರಿಸಿ, "ಇದರ ಮಾತ ಆಮ್ಯಾಲ. ಆಕಿ ಮನಿ ಇಲ್ಲೇ, ಹಿಂದಿನ ಓಣ್ಯಾಗ. ನೀವೊಬ್ರ ಹೋಗ್ರಿ," ಎಂದ.

ರುಕ್ಮವ್ವನ ಮನೆಯಲ್ಲಿ ಒಂದೇ ಕೋಣೆ, ಒಂದು ಕಟ್ಟೆ. ಸಾಹೇಬರು ಬಂದದ್ದು ನೋಡಿ ಅವಳು ಗಾಬರಿಯಾಗಿ ಚಾಪೆ ಹಾಸಿದಳು. ಕಲ್ಲೇಶ ಕೂಡಲಿಲ್ಲ. ಬನ್ನಿಯ ದಿನದಿಂದ ಒಗೆಯದೆ ತೂಗುಬಿದ್ದಿದ್ದ ದಸರೆಯ ಅಂಗಿಯನ್ನೇ ಹಾಕಿಕೊಂಡಿದ್ದ; ಜೇಬಿಗೆ ಕೈ ಹೋದರೆ ಅವಳು ಕೊಟ್ಟ ಬನ್ನಿ ಎಲೆ ಒಣಗಿ ಪುಡಿಯಾಗಿ ಬೆರಳಿಗೆ ಹತ್ತಿತು. ಅವನು ಬಗ್ಗಿ ಅವಳ ಕಾಲು ಮುಟ್ಟಿದ. ಹನ್ನೆರಡು ವರ್ಷದಲ್ಲಿ ಬನ್ನಿಯ ದಿನ ಕೂಡ ಮುಟ್ಟಿರಲಿಲ್ಲ.

"ರುಕ್ಮವ್ವಾ, ಆ ಗೊಂಬಿ ಮುರದಾಂವ ನಾನು. ನೀ ಒರಸಿ ಹೋದ ಮ್ಯಾಲೆ ಕೈಯಾರೆ ತಿರುವಿ ಮುರದೀನಿ. ನಿನ್ನ ಹೆಸರ ಹೇಳಿ ಬಚಾವ್ ಆದೆ."

ರುಕ್ಮವ್ವ ಹಿಂದಕ್ಕೆ ಸರಿದಳು. ಸಿಟ್ಟಾಗುತ್ತಾಳೆ, ಅಳುತ್ತಾಳೆ ಎಂದು ಅವನು ಕಾದ. ಅವಳು ತನ್ನ ಎರಡೂ ಕೈಗಳನ್ನು ಚಾಚಿ, ಬೆರಳುಗಳನ್ನು ಅಗಲಿಸಿ, ಮಡಚಿ, ಮತ್ತೆ ಅಗಲಿಸಿ ನೋಡಿದಳು.

"ಹಂಗಾರ ನನ್ನ ಕೈ ಛಲೋ ಅದಾವು?"

"ಛಲೋ ಅದಾವು," ಎಂದ.

"ದಿನಾ ಮುಂಜಾನೆ ಎದ್ದ ಕೂಡ್ಲೆ ಕೈ ಹಿಂಗ ಮುಂದ ಹಿಡದು ನೋಡ್ತಿದ್ನಿರಿ. ನಡಗತಾವೇನು ಅಂತ. ನಡಗತಿದ್ದಿಲ್ಲ. ಆದ್ರೂ ಸಾಹೇಬ್ರು ಹೇಳ್ಯಾರಲ್ಲ, ಅವರ್ಯಾಕ ಸುಳ್ಳ ಹೇಳ್ತಾರ ಅಂತ ನಂದ ನನಗ ಖರೆ ಅನಸಲಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಕುಂಡ್ರಿ. ಮನಿಗೆ ಬಂದಾವ್ರನ್ನ ಹಂಗ ಕಳಸಬಾರದು."

ಒಲೆಯ ಮೇಲಿನ ಹಲಗೆಯಿಂದ ಗಾಜಿನ ಕಪ್ಪು-ಬಸಿ ಇಳಿಸಿದಳು. ಒಂದೇ ಒಂದು ಜೊತೆ ಇತ್ತು, ಅದರ ಮೇಲೆ ಹದಿನೆಂಟು ಇಪ್ಪತ್ತು ದಿನದ ಧೂಳು ಕೂತಿತ್ತು. ತೊಳೆದು, ತುಂಬ ಚಹಾ ಸೋಸಿ ತಂದಳು. ಹನಿ ಕೂಡ ಬಸಿಗೆ ಚೆಲ್ಲಿರಲಿಲ್ಲ. ಕಲ್ಲೇಶ ಕುಡಿದ. ಕುಡಿಯದೆ ಇರುವ ಅಧಿಕಾರ ಅವನಿಗಿರಲಿಲ್ಲ.

"ನಾಳೆ ಬರ್ತೀಯಲ್ಲ ರುಕ್ಮವ್ವಾ? ಬಾ," ಎಂದ ಕೊನೆಗೆ.

"ಕೂಸಿನ ಮನಿಗೆ ಹೋಗ್ತೇನ್ರಿ. ಇನ್ನೊಂದ ಮನಿಗೂ ಹೋಗ್ತೇನಿ. ನಿಮ್ಮ ಮನಿಗೆ ಬರೂದಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾಳೆ ನೀರು ಬರುವುದಿಲ್ಲ ಎಂದು ಹೇಳುವಷ್ಟು ಸಹಜವಾಗಿತ್ತು.

"ದ್ರಾಕ್ಷಾಯಿಣಿ ಕೇಳಿದ್ರ ಏನ ಹೇಳ್ಲಿ?"

"ಏನರೆ ಹೇಳ್ರಿ ಸಾಹೇಬ್ರ. ನಿಮಗ ಬರತೈತಲ್ಲ."

ಅವನ ಕೈಯಿಂದ ಕಪ್ಪು-ಬಸಿ ತೆಗೆದುಕೊಂಡು ಹೋಗಿ, ತೊಳೆದು, ಹಲಗೆಯ ಮೇಲೆ ಬೋರಲು ಹಾಕಿದಳು.